ಬಣ್ಣದಡಿಯ ಬಣ್ಣ, ನಡುವೆ ಮಸಿ

ಹಳೆಯ ಚಿತ್ರದ ಮೈಯೊಳಗೆ ಇನ್ನೊಂದು ಚಿತ್ರ ಅಡಗಿರಬಹುದು. ಎಕ್ಸ್‌-ರೇ ಅದನ್ನು ಮುಟ್ಟದೆಯೇ ತೋರಿಸುತ್ತದೆ. ಅದನ್ನು ಮುಚ್ಚಿದ್ದು ಯಾವಾಗ ಎಂಬ ಗುಟ್ಟು ಮಾತ್ರ ನಾವು ಉಜ್ಜಿ ಎಸೆಯುವ ಕೊಳೆಯಲ್ಲಿದೆ. ಜಾತ್ರೆ ಬಂದಾಗಲೆಲ್ಲ ದೇವಿಗೆ ಹೊಸ ಬಣ್ಣ ಹಚ್ಚುವ ಹಾನಗಲ್ ಸೀಮೆಗೆ ಈ ವಿದ್ಯೆ ಹೇಳುವುದೇನು?

ಜಾತ್ರೆಗೆ ಇನ್ನೂ ದಿನಗಳಿರುವಾಗಲೇ ಗ್ರಾಮದೇವಿ ಗದ್ದುಗೆಯಿಂದ ಇಳಿಯುತ್ತಾಳೆ. ಸೀರೆ, ಒಡವೆ, ಕಿರೀಟ ತೆಗೆಯುತ್ತಾರೆ. ಮರದ ಕೈಗಳನ್ನು ಒಂದೊಂದಾಗಿ ಕಳಚುತ್ತಾರೆ. ಬಾಗಿಲಿಗೆ ಪರದೆ ಬೀಳುತ್ತದೆ. ಒಳಗೆ ಬಣ್ಣದ ಡಬ್ಬಿಗಳು, ಉಜ್ಜುಕಾಗದ, ಟರ್ಪೆಂಟೈನಿನ ಘಾಟು.

"ಅಣ್ಣಾರ, ಹಳೀ ಬಣ್ಣ ಪೂರಾ ಕೆರೀಲ್ಯೋ, ಹಂಗ ಮ್ಯಾಲ ಹಚ್ಚಲ್ಯೋ?"

"ಕೆರದ ಬಿಡಪಾ. ಎಷ್ಟ್ ವರ್ಷದ ಮಸಿ ಹತ್ತೈತಿ ನೋಡು. ತಾಯಿ ಲಕಲಕ ಹೊಳೀಬೇಕು."

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸುತ್ತಿನ ಯಾವ ಊರಿನಲ್ಲಾದರೂ ಈ ಮಾತು ಕೇಳಿಬಂದೀತು. ದ್ಯಾಮವ್ವ, ದುರ್ಗವ್ವರ ಮರದ ಮೂರ್ತಿಗಳು ಜಾತ್ರೆಯಿಂದ ಜಾತ್ರೆಗೆ ಬಣ್ಣ ಉಟ್ಟುಕೊಳ್ಳುತ್ತ ಬಂದಿವೆ. ಚಿತ್ರಗಾರನ ಪ್ರಶ್ನೆಗೆ ಇಲ್ಲಿ ಅರೆಗಳಿಗೆಯಲ್ಲಿ ಉತ್ತರ ಸಿಗುತ್ತದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಒಂದು ಚಿತ್ರದ ಮುಂದೆ ಇದೇ ಪ್ರಶ್ನೆ ಎದ್ದಾಗ ಉತ್ತರಕ್ಕೆ ನಾಲ್ಕು ದಶಕ ಹಿಡಿಯಿತು.

ಹಾನಗಲ್ಲಿನ ಪೆಟ್ಟಿಗೆ

ಬಣ್ಣ ಹಚ್ಚಿದ ದೇವಿಯ ಕಥೆ ಹೇಳುವಾಗ ಹಾನಗಲ್ಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಶಿರಸಿಯ ಮಾರಿಕಾಂಬೆಯ ಐತಿಹ್ಯ ಶುರುವಾಗುವುದೇ ಇಲ್ಲಿ. ಹಾನಗಲ್ಲಿನಲ್ಲಿ ಜಾತ್ರೆ ಮುಗಿದ ಮೇಲೆ ಮೂರ್ತಿಯನ್ನು ಬಿಡಿಸಿ ಒಡವೆಗಳೊಂದಿಗೆ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಕಳ್ಳರು ಪೆಟ್ಟಿಗೆಯನ್ನೇ ಹೊತ್ತೊಯ್ದು, ಒಡವೆ ಹಂಚಿಕೊಂಡು, ಮೂರ್ತಿಯಿದ್ದ ಪೆಟ್ಟಿಗೆಯನ್ನು ಶಿರಸಿಯ ಕೆರೆಗೆ ಎಸೆದರಂತೆ. ಅಲ್ಲಿ ಸಿಕ್ಕ ದೇವಿಗೆ 17ನೇ ಶತಮಾನದ ಕೊನೆಯಲ್ಲಿ ಗುಡಿ ಎದ್ದಿತು.

ಈಗಲೂ ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಜಾತ್ರೆ. ಅದಕ್ಕೆ ಮುನ್ನ ಏಳಡಿ ಎತ್ತರದ ಮರದ ಮೂರ್ತಿಗೆ ಹೊಸ ಬಣ್ಣ.

ಐತಿಹ್ಯದಲ್ಲಿ ಒಂದು ವಿವರವಿದೆ: ಮೂರ್ತಿಯನ್ನು ಬಿಡಿಸಿ ಪೆಟ್ಟಿಗೆಯಲ್ಲಿ ಇಡಬಹುದಿತ್ತು. ಎಂದರೆ ಕೀಲುಗಳಿವೆ, ಜೋಡಣೆಗಳಿವೆ, ಕಾಲಕಾಲಕ್ಕೆ ಬದಲಾಗುವ ತುಂಡುಗಳಿವೆ. ಇಂಥ ಯಾವ ಮೂರ್ತಿಯಲ್ಲೇ ಆಗಲಿ, ಮೂಲದ ಮರ ಎಷ್ಟು, ಆಮೇಲೆ ಕೂಡಿಸಿದ ಕೈ ಯಾವುದು, ಗೆದ್ದಲು ಎಲ್ಲಿ ಸುರಂಗ ಕೊರೆದಿದೆ ಎಂಬುದು ಹೊರಗಿನ ಹೊಳಪಿನಿಂದ ತಿಳಿಯುವುದಿಲ್ಲ. ಅಲ್ಲಿಗೆ ಬೇಕಾಗುವುದು ಒಳಹೊಕ್ಕು ನೋಡುವ ಕಿರಣ.

ನವೆಂಬರ್ 8ರ ಕಿರಣ

ದೀಪಾವಳಿಯ ಸುಣ್ಣ-ಬಣ್ಣದ ಆಸುಪಾಸಿನಲ್ಲೇ ಬರುವ ದಿನ ನವೆಂಬರ್ 8. 1895ರ ಆ ದಿನ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಹೆಸರಿಲ್ಲದ ಕಿರಣವೊಂದನ್ನು ಕಂಡ. ಗೊತ್ತಿಲ್ಲದ್ದಕ್ಕೆ ಗಣಿತದಲ್ಲಿ ಇಡುವ ಹೆಸರನ್ನೇ ಇಟ್ಟ: ಎಕ್ಸ್. ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ 1901ರಲ್ಲಿ ಅವನಿಗೆ ಸಂದಿತು.

ವೈದ್ಯರು ಮುರಿದ ಮೂಳೆ ನೋಡಲು ಧಾವಿಸಿದರು. ಮರುವರ್ಷ, 1896ರಲ್ಲೇ, ಫ್ರಾಂಕ್‌ಫರ್ಟ್‌ನ ವಾಲ್ಟರ್ ಕೊನಿಗ್ ಎಂಬ ಭೌತವಿಜ್ಞಾನಿ ಈ ಕಿರಣದ ಮುಂದೆ ಒಂದು ತೈಲಚಿತ್ರವನ್ನು ಇಟ್ಟ. ರೋಗಿಯ ಜಾಗದಲ್ಲಿ ಚಿತ್ರ ಬಂದು ಕೂತದ್ದು ಹೀಗೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಎದೆಯ ಫಿಲ್ಮ್ ನೋಡಿದವರಿಗೆ ಇದರ ಮರ್ಮ ಗೊತ್ತೇ ಇದೆ. ಮೂಳೆ ಬೆಳ್ಳಗೆ, ಗಾಳಿ ತುಂಬಿದ ಪುಪ್ಪುಸ ಕಪ್ಪಗೆ. ಚಿತ್ರದಲ್ಲಿ ಮೂಳೆಯ ಕೆಲಸ ಮಾಡುವುದು ಭಾರದ ಲೋಹವಿರುವ ಬಣ್ಣ. ಸೀಸದ ಬಿಳಿ, ಅಂದರೆ ಹಳೆಯ ಸಫೇದ, ಕಿರಣವನ್ನು ತಡೆದು ಬೆಳ್ಳಗೆ ಮೂಡುತ್ತದೆ. ಪಾದರಸವಿರುವ ಇಂಗಳೀಕವೂ ಹಾಗೆಯೇ. ಕಾವಿಯಲ್ಲಿರುವ ಕಬ್ಬಿಣ ನಡುವಿನದು. ದೀಪದ ಮಸಿ, ನೀಲಿ ಗಿಡದ ನೀಲಿ ಇವು ಕಿರಣಕ್ಕೆ ಇದ್ದೂ ಇಲ್ಲದಂತೆ. ಅದು ಸೋಸಿಕೊಂಡು ದಾಟಿಬಿಡುತ್ತದೆ.

ಇದರಿಂದ ಮೈಸೂರು ಶೈಲಿಯ ಚಿತ್ರ ಎಕ್ಸ್‌-ರೇಗೆ ಹೇಳಿ ಮಾಡಿಸಿದ ವಸ್ತು. ಕಿರೀಟ, ಪ್ರಭಾವಳಿ, ಒಡವೆಗಳನ್ನು ಉಬ್ಬಿಸಲು ಅಲ್ಲಿನ ಕಲಾವಿದರು ಬಳಸುತ್ತಿದ್ದುದು ಸೀಸದ ಬಿಳಿಯ ಪುಡಿ, ರೇವಲ್ಚಿನ್ನಿ ಮತ್ತು ಅಂಟು ಬೆರೆಸಿದ ಸರಿ. ಅದರ ಮೇಲೆ ಚಿನ್ನದ ರೇಕು. ರೇಕು ಸವೆದು ಹೋಗಿದ್ದರೂ ಸೀಸದ ಸರಿ ಉಳಿದಿದ್ದರೆ ಕಿರೀಟದ ಒಂದೊಂದು ಎಳೆಯೂ ಫಿಲ್ಮಿನಲ್ಲಿ ಎದ್ದು ಕಾಣಬೇಕು. ತಂಜಾವೂರು ಚಿತ್ರದ ಉಬ್ಬು ಹೆಚ್ಚಾಗಿ ಸುಣ್ಣಕಲ್ಲಿನ ಪುಡಿಯದು. ಕ್ಯಾಲ್ಸಿಯಂ ಹಗುರ, ಅದರ ನೆರಳೂ ತೆಳು. ಗೋಡೆಯ ಮೇಲೆ ಅಣ್ಣತಮ್ಮಂದಿರಂತೆ ಕಾಣುವ ಎರಡು ಶೈಲಿಗಳು ಕಿರಣದ ಮುಂದೆ ಬೇರೆಯಾಗಿ ನಿಲ್ಲುತ್ತವೆ.

> ಬಣ್ಣವೇ ಸಾಕ್ಷಿ ನುಡಿದಾಗ
>
> ಹುಟ್ಟಿದ ಕಾಲ ಗೊತ್ತಿರುವ ಬಣ್ಣಗಳು ಚಿತ್ರದ ವಯಸ್ಸನ್ನು ಹಿಡಿದುಕೊಡುತ್ತವೆ.
>
> • ಪ್ರಷ್ಯನ್ ನೀಲಿ: 18ನೇ ಶತಮಾನದ ಆರಂಭ, ಬರ್ಲಿನ್.
>
> • ಕ್ರೋಮ್ ಹಳದಿ: ಕ್ರೋಮಿಯಂ ಧಾತು ಪತ್ತೆಯಾದದ್ದೇ 1797ರಲ್ಲಿ. ಅದರ ಹಳದಿ ಪೇಟೆಗೆ ಬಂದದ್ದು 19ನೇ ಶತಮಾನದಲ್ಲಿ.
>
> • ಎಮರಾಲ್ಡ್ ಹಸಿರು: 1814. ತಾಮ್ರ ಮತ್ತು ಆರ್ಸೆನಿಕ್ ಕೂಡಿದ ವಿಷ.
>
> • ಸತುವಿನ ಬಿಳಿ: ಜಲವರ್ಣವಾಗಿ ಲಂಡನ್ ಪೇಟೆಗೆ 1834ರಲ್ಲಿ.
>
> • ಟೈಟಾನಿಯಂ ಬಿಳಿ: 1920ರ ಆಸುಪಾಸು. ಇಂದಿನ ಎನಾಮಲ್ ಡಬ್ಬಿಗಳ ಬಿಳುಪೆಲ್ಲ ಇದರದೇ.

ಬಡವನ ಕ್ಯಾನ್ವಾಸು, ಬಚ್ಚಿಟ್ಟ ಮನ್ಮಥ

2022ರ ಜುಲೈಯಲ್ಲಿ ಎಡಿನ್‌ಬರೊದ ರಾಷ್ಟ್ರೀಯ ಗ್ಯಾಲರಿಯವರು ಒಂದು ಪ್ರದರ್ಶನಕ್ಕೆ ಸಿದ್ಧತೆ ನಡೆಸುತ್ತ ವಿನ್ಸೆಂಟ್ ವ್ಯಾನ್ ಗೋನ ರೈತ ಹೆಂಗಸಿನ ಚಿತ್ರವೊಂದರ ಎಕ್ಸ್‌-ರೇ ತೆಗೆದರು. ಫಿಲ್ಮಿನಲ್ಲಿ ಮೂಡಿದ್ದು ಗಡ್ಡ ಬಿಟ್ಟು ಟೋಪಿ ಹಾಕಿದ ಗಂಡಸು: ಖುದ್ದು ವ್ಯಾನ್ ಗೋ. ಕ್ಯಾನ್ವಾಸು ಕೊಳ್ಳಲು ದುಡ್ಡಿಲ್ಲದ ಕಲಾವಿದ ಹಳೆಯದರ ಬೆನ್ನಿಗೇ ಇನ್ನೊಂದು ಚಿತ್ರ ಬರೆದಿದ್ದ. ಮುಂದೆ ಯಾರೋ ಆ ಬದಿಗೆ ರಟ್ಟು ಅಂಟಿಸಿ ಮುಚ್ಚಿದ್ದರು.

ಇಂಥ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಪಾಠ ಇರುವುದು ಮಾತ್ರ ಡ್ರೆಸ್ಡೆನ್ ಕಥೆಯಲ್ಲಿ.

ಡಚ್ ಕಲಾವಿದ ಯೋಹಾನಸ್ ವರ್ಮೀರ್ 1650ರ ದಶಕದ ಕೊನೆಗೆ ಬರೆದ ಚಿತ್ರ ಅಲ್ಲಿದೆ. ತೆರೆದ ಕಿಟಕಿಯ ಬಳಿ ಹುಡುಗಿಯೊಬ್ಬಳು ಪತ್ರ ಓದುತ್ತಿದ್ದಾಳೆ. ಹಿಂದೆ ಬೋಳು ಗೋಡೆ. ಆ ಬೋಳುತನವನ್ನೇ ವಿಮರ್ಶಕರು ಹಾಡಿ ಹೊಗಳಿದ್ದರು. 1979ರಲ್ಲಿ ಎಕ್ಸ್‌-ರೇ ತೆಗೆದಾಗ ಗೋಡೆಯಲ್ಲಿ ದೊಡ್ಡದೊಂದು ಮನ್ಮಥನ ಚಿತ್ರ ಕಂಡಿತು. ಓದುತ್ತಿರುವುದು ಪ್ರೇಮಪತ್ರ ಎಂದು ಸಾರುವ ಮನ್ಮಥ!

ಮುಚ್ಚಿದವನು ವರ್ಮೀರನೇ ಇರಬೇಕು, ಬರೆದು ಮನಸ್ಸು ಬದಲಿಸಿದ್ದಾನೆ ಎಂದು ಎಲ್ಲರೂ ನಂಬಿದರು. ಎಕ್ಸ್‌-ರೇ ಅದನ್ನು ಅಲ್ಲಗಳೆಯಲಿಲ್ಲ. ಏಕೆಂದರೆ ಅದು ಎಲ್ಲ ಪದರಗಳನ್ನೂ ಒಂದೇ ಫಿಲ್ಮಿನ ಮೇಲೆ ಒಟ್ಟುಹಾಕಿ ತೋರಿಸುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ಕಾಲ ಕಳೆಯಿತು ಎಂಬ ಲೆಕ್ಕ ಅದರಲ್ಲಿಲ್ಲ.

2017ರ ಹೊತ್ತಿಗೆ ಮರಳಿ ಪರೀಕ್ಷೆ ನಡೆಯಿತು. ಸಾಸಿವೆಗಿಂತ ಸಣ್ಣ ಚೂರನ್ನು ಅಡ್ಡಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮನ್ಮಥನಿಗೂ ಅವನನ್ನು ಮುಚ್ಚಿದ ಬಣ್ಣಕ್ಕೂ ನಡುವೆ ಹಳೆಯ ವಾರ್ನಿಶ್ ಇತ್ತು, ಅದರ ಮೇಲೆ ಕೊಳೆ ಕೂತಿತ್ತು. ಕೊಳೆ ಒಂದೇ ದಿನದಲ್ಲಿ ಕೂರುವುದಿಲ್ಲ. ಮುಚ್ಚಿದ್ದು ದಶಕಗಳ ನಂತರ, ವರ್ಮೀರ್ ಸತ್ತ ಮೇಲೆ, ಬೇರೆಯವರು. ಸೂಕ್ಷ್ಮದರ್ಶಕದ ಕೆಳಗೆ ಚಿಕ್ಕ ಕತ್ತಿಯಿಂದ ಆ ಬಣ್ಣವನ್ನು ಕೆರೆದು ತೆಗೆದರು. 2021ರಲ್ಲಿ ಮನ್ಮಥ ಹೊರಬಂದ.

ಗುಟ್ಟು ತೋರಿಸಿದ್ದು ಕಿರಣ, ಕಾಲ ಹೇಳಿದ್ದು ಕೊಳೆ. ನಮ್ಮ ಗುಡಿಗಳ ದೀಪದ ಮಸಿ, ಎಣ್ಣೆಯ ಜಿಡ್ಡು, ಕುಂಕುಮದ ಕಣ ಎರಡು ಬಣ್ಣಗಳ ನಡುವೆ ಉಳಿದಿದ್ದರೆ ಅವೂ ಅಷ್ಟೇ ಖಚಿತವಾದ ಪಂಚಾಂಗ. ಜೀರ್ಣೋದ್ಧಾರದ ದಿನ ನಾವು ಮೊದಲು ಉಜ್ಜಿ ಹಾಕುವುದು ಆ ಪಂಚಾಂಗವನ್ನೇ.

ಗೋಡೆಗೆ ಎಕ್ಸ್‌-ರೇ ಹಾಯದು

ಎದೆಯ ಫಿಲ್ಮ್ ತೆಗೆಯುವಾಗ ಹಲಗೆ ಎದೆಗೆ ಆತುಕೊಂಡಿರುತ್ತದೆ, ಕಿರಣ ಬೆನ್ನಿನಿಂದ ಬರುತ್ತದೆ. ಬಟ್ಟೆ, ಕಾಗದ, ಮರದ ಹಲಗೆಯ ಚಿತ್ರಕ್ಕೂ ಹೀಗೆ ಮಾಡಬಹುದು. ಸವಣೂರಿನ ನವಾಬರ ಕಾಲದ ದಪ್ಪ ಗೋಡೆಗೆ, ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ನಗರೇಶ್ವರ ಗುಡಿಯ ಕಲ್ಲಿಗೆ ಹಿಂದೆ ಫಿಲ್ಮನ್ನು ಎಲ್ಲಿ ಇಡುವುದು?

ಅದಕ್ಕೆ ಇನ್ನೊಂದು ಉಪಾಯವಿದೆ. ಕೈಯಲ್ಲಿ ಹಿಡಿಯುವ, ಪಿಸ್ತೂಲಿನಾಕಾರದ ಯಂತ್ರ ಚಿತ್ರದ ಮೇಲೆ ಎಕ್ಸ್‌-ಕಿರಣ ಬೀರುತ್ತದೆ. ಬಣ್ಣದಲ್ಲಿನ ಪ್ರತಿ ಧಾತುವೂ ತನ್ನದೇ ಶಕ್ತಿಯ ಕಿರಣವನ್ನು ತಿರುಗಿ ಸೂಸುತ್ತದೆ. ಇದು ಪಾದರಸ, ಇದು ತಾಮ್ರ ಎಂದು ಯಂತ್ರ ಓದಿಕೊಳ್ಳುತ್ತದೆ. ಚೂರೂ ಕೀಳುವುದು ಬೇಡ. ಇದಕ್ಕೆ ಎಕ್ಸ್‌ಆರ್‌ಎಫ್ ಎನ್ನುತ್ತಾರೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ರೆಂಬ್ರಾಂಟ್‌ನ 1642ರ 'ನೈಟ್ ವಾಚ್' ಚಿತ್ರವನ್ನು 2019ರಿಂದ ಗಾಜಿನ ಕೋಣೆಯೊಳಗೆ, ಜನ ನೋಡುತ್ತಿರುವಂತೆಯೇ, ಇಂಚಿಂಚು ಹೀಗೆ ಸ್ಕ್ಯಾನ್ ಮಾಡಿದರು. ಕ್ಯಾಲ್ಸಿಯಂ ಎಲ್ಲೆಲ್ಲಿದೆ ಎಂದು ನಕಾಶೆ ಹಾಕಿದಾಗ ಅವನು ಮೊದಲು ಎಳೆದುಕೊಂಡಿದ್ದ ಕರಡು ಹೊರಬಿತ್ತು.

ಎಕ್ಸ್‌ಆರ್‌ಎಫ್ ಧಾತುವನ್ನು ಹೇಳುತ್ತದೆ, ಆ ಧಾತುಗಳು ಯಾವ ಸಂಯುಕ್ತವಾಗಿ ಕೂಡಿವೆ ಎಂದು ಹೇಳುವುದಿಲ್ಲ. ಆ ಕೊರತೆ ತುಂಬುವ ವಿದ್ಯೆ ನಮ್ಮವರದೇ. 1928ರ ಫೆಬ್ರುವರಿ 28ರಂದು ಸಿ.ವಿ. ರಾಮನ್ ಕಂಡುಕೊಂಡ ಬೆಳಕಿನ ಚದುರುವಿಕೆ ಇಂದು ಜಗತ್ತಿನ ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿ ಬಣ್ಣ ಗುರುತಿಸುವ ಸಾಧನ. ಬೆಂಗಳೂರಿನಲ್ಲಿ ಬದುಕಿನ ಕೊನೆಯ ದಶಕಗಳನ್ನು ಕಳೆದ ವಿಜ್ಞಾನಿಯ ಹೆಸರು ಹೇಳಿಕೊಂಡೇ ಯುರೋಪಿನ ಚಿತ್ರಗಳು ತಮ್ಮ ಬಣ್ಣ ಒಪ್ಪಿಕೊಳ್ಳುತ್ತವೆ.

ಕೆಲವು ಸಲ ಯಂತ್ರವೇ ಬೇಡ. ಶಿರಸಿಯ ಮಾರಿಕಾಂಬೆಯ ಗುಡಿಯ ಗೋಡೆಯಲ್ಲಿ ಕಾವಿ ಚಿತ್ರಗಳಿವೆ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಹಚ್ಚಿ, ಹಸಿಯಿರುವಾಗ ಗೀರಿ, ಕೆಳಗಿನ ಬಿಳುಪನ್ನು ತೆರೆದು ಬಿಡಿಸಿದ ಚಿತ್ರ. ಇಂಥ ಗೋಡೆಗೆ ಯಾರಾದರೂ ಸುಣ್ಣ ಬಳಿದಿದ್ದರೆ, ರಾತ್ರಿ ಬ್ಯಾಟರಿಯನ್ನು ಗೋಡೆಗೆ ಒತ್ತಿಕೊಂಡಂತೆ ಓರೆಯಾಗಿ ಬಿಟ್ಟು ನೋಡಬೇಕು. ಗೀರಿನ ತಗ್ಗುಗಳು ತುಂಬಿಹೋಗಿರದಿದ್ದರೆ ನೆರಳು ಬಿದ್ದು ಚಿತ್ರ ಎದ್ದುಬರುತ್ತದೆ.

ಹಿರೇಕೆರೂರು ತಾಲ್ಲೂಕಿನ ಅಬಲೂರಿಗೂ ಇದು ಸಲ್ಲುವ ಮಾತು. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಕಥೆಯ ಶಿಲ್ಪಗಳಿವೆ, ಜೊತೆಗೆ ಪುಟ್ಟ ಅಕ್ಷರಗಳಲ್ಲಿ ಕೆತ್ತಿದ ವಿವರಣೆ. ಜೆ.ಎಫ್. ಫ್ಲೀಟ್ 19ನೇ ಶತಮಾನದ ಕೊನೆಗೆ ಅಬಲೂರಿನ ಶಾಸನಗಳನ್ನು ಓದಿ ಪ್ರಕಟಿಸಿದ್ದು ಆ ಅಕ್ಷರಗಳು ತೆರೆದಿದ್ದರಿಂದ. ಅಂಥ ಸಣ್ಣ ಅಕ್ಷರದ ತಗ್ಗು ಹೂತುಹೋಗಲು ನಾಲ್ಕು ಸಲದ ಆಯಿಲ್ ಪೇಂಟ್ ಸಾಕು.

ಟಿಪ್ಪುವಿನ ಗೋಡೆ, ಡಾಲ್‌ಹೌಸಿಯ ಬಣ್ಣ

ಕರ್ನಾಟಕದಲ್ಲಿ ಪದರಗಳ ಒಗಟು ಬೇಕೆಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಬೇಕು. 1784ರ ಆ ಅರಮನೆಯ ಪಡಸಾಲೆಯ ಗೋಡೆಯಲ್ಲಿ 1780ರ ಪೊಲ್ಲಿಲೂರು ಕದನ ಹರಡಿಕೊಂಡಿದೆ. ಆನೆ, ಕುದುರೆ, ಫಿರಂಗಿ, ಸುತ್ತುವರಿದ ಸೇನೆಯ ನಡುವೆ ಪಲ್ಲಕ್ಕಿಯಲ್ಲಿ ಬೆಪ್ಪಾಗಿ ಕೂತ ಬ್ರಿಟಿಷರ ಕರ್ನಲ್ ಬೇಲಿ. ಇದೇ ಕದನದ ಕಾಗದದ ಮೇಲಿನ ಹಳೆಯ ಚಿತ್ರವೊಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು.

ನಾವು ಇಂದು ಗೋಡೆಯಲ್ಲಿ ನೋಡುವುದು ಯಾರ ಕುಂಚವನ್ನು? ಗೆಜೆಟಿಯರ್ ಹೇಳುವ ಪ್ರಕಾರ, ಬ್ರಿಟಿಷರ 1799ರ ಮುತ್ತಿಗೆಗೆ ಮೊದಲು ಚಿತ್ರಗಳನ್ನು ಕೆಡಿಸಲಾಗಿತ್ತು. ಟಿಪ್ಪು ಮಡಿದ ಮೇಲೆ ಅಲ್ಲಿ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ ಅವನ್ನು ಸರಿಪಡಿಸಿದ. ಮತ್ತೆ ಮಾಸಿದವು, ಕಡೆಗೆ ಸುಣ್ಣ ಬಿತ್ತು. 1850ರ ದಶಕದಲ್ಲಿ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ, ಮೂಲ ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡಿದ್ದ ಸ್ಥಳೀಯ ಚಿತ್ರಕಾರನಿಂದ ಮತ್ತೆ ಬರೆಸಿದ. ಆ ಚಿತ್ರಕಾರನ ಹೆಸರು ಗೆಜೆಟಿಯರಿನಲ್ಲಿ ಇಲ್ಲ.

ಒಂದೇ ಗೋಡೆಯಲ್ಲಿ ಮೂರು ಕಾಲ. ಕಿರಣದ ವಿದ್ಯೆ ನೆರವಿಗೆ ಬರುವುದು ಇಲ್ಲಿ. ಒಂದು ಕುದುರೆಯ ಹಳದಿ ಜೀನಿನಲ್ಲಿ ಕ್ರೋಮಿಯಂ ಕಂಡಿತೆನ್ನಿ. ಅದು 1799ರಲ್ಲಿ ಮಡಿದ ಟಿಪ್ಪುವಿನ ಕಾಲದ್ದಾಗಲು ಸಾಧ್ಯವೇ ಇಲ್ಲ. ಹಳದಿ ಬರೇ ಅರದಾಳ, ಎಂದರೆ ಆರ್ಸೆನಿಕ್ ಇರುವ ಬಣ್ಣ ಆಗಿದ್ದರೆ? ಹಳೆಯದಿರಬಹುದು, ಹಳೆಯ ಬಣ್ಣವನ್ನೇ ಬಳಸಿದ ಹೊಸ ಕೈಯೂ ಇರಬಹುದು. ಈ ವಿದ್ಯೆ 'ಇದು ಅಲ್ಲ' ಎಂದು ಗಟ್ಟಿಯಾಗಿ ಹೇಳುತ್ತದೆ. 'ಇದೇ ಹೌದು' ಎನ್ನುವಾಗ ತಡವರಿಸುತ್ತದೆ.

ಕಂಡ ಮೇಲೆ ತೆಗೆಯಬೇಕೆ?

ಕೆಳಗೆ ಹಳೆಯ ಚಿತ್ರವಿದೆ ಎಂದು ಗೊತ್ತಾದರೆ ಮೇಲಿನದನ್ನು ಕಿತ್ತುಹಾಕಬೇಕೆ? ತಂಜಾವೂರಿನ ಬೃಹದೀಶ್ವರದಲ್ಲಿ 1931ರಲ್ಲಿ ಎಸ್.ಕೆ. ಗೋವಿಂದಸ್ವಾಮಿ ಎಂಬ ವಿದ್ವಾಂಸರು ನಾಯಕರ ಕಾಲದ ಚಿತ್ರಗಳು ಉದುರಿದ ಕಡೆ ಅಡಿಯಲ್ಲಿ ಚೋಳರ ಚಿತ್ರಗಳನ್ನು ಕಂಡರು. ನಡುವೆ ಆರು ಶತಮಾನಗಳ ಅಂತರ. ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಮೇಲಿನ ಪದರವನ್ನು ಬಲು ನಾಜೂಕಾಗಿ ಎಬ್ಬಿಸಿ ಫೈಬರ್ ಗ್ಲಾಸ್ ಹಲಗೆಗಳ ಮೇಲೆ ಕೂರಿಸಿದರು. ಕೆಳಗಿನ ಚೋಳರೂ ಸಿಕ್ಕರು, ಮೇಲಿನ ನಾಯಕರೂ ಉಳಿದರು.

ಬೆಲ್ಜಿಯಂನ ಗೆಂಟ್ ಪಟ್ಟಣದಲ್ಲಿ ಬೇರೆ ಥರ. ವ್ಯಾನ್ ಐಕ್ ಸೋದರರು 1432ರಲ್ಲಿ ಮುಗಿಸಿದ ಚರ್ಚಿನ ಚಿತ್ರಫಲಕಗಳಲ್ಲಿ ಪವಿತ್ರ ಕುರಿಮರಿಯ ಮುಖದ ಮೇಲೆ 16ನೇ ಶತಮಾನದ ಬಣ್ಣ ಬಿದ್ದಿತ್ತು. ಅದನ್ನು ತೆಗೆದರು. ಮನುಷ್ಯರಂತೆ ನೇರ ದಿಟ್ಟಿಸುವ ಕಣ್ಣುಗಳು ಹೊರಬಂದವು. 2020ರಲ್ಲಿ ಲೋಕವೆಲ್ಲ ನಕ್ಕಿತು: ಇದೆಂಥ ಕುರಿ! ಸಾಧು ಮುಖದ ಕುರಿಯನ್ನೇ ನೋಡಿ ನೂರಾರು ವರ್ಷ ಕೈಮುಗಿದವರಿಗೆ ಮೂಲವೇ ಪರಕೀಯವಾಯಿತು.

ಹಾನಗಲ್ಲಿನ ಕಡೆಯ ಗ್ರಾಮದೇವಿಗೆ ಈ ಎರಡು ದಾರಿಯೂ ಹೊಂದುವುದಿಲ್ಲ. ಅವಳು ಸಂಗ್ರಹಾಲಯದ ಮೂರ್ತಿಯಲ್ಲ. ಬಣ್ಣ ಏರುವುದು ಅವಳ ಪೂಜೆಯ ಅಂಗ. ಹಳೆಯ ಬಣ್ಣದಲ್ಲಿ ನಿಲ್ಲಿಸಿ ಗಾಜಿನೊಳಗೆ ಇಟ್ಟರೆ ಜಾತ್ರೆ ನಡೆಯುವುದಿಲ್ಲ. ಚಿತ್ರಗಾರರ ಕೈಗೆ ಕೆಲಸವಿಲ್ಲವಾಗುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಮರಕ್ಕೆ ಹುಣಸೆಬೀಜದ ಅಂಟು ಮೆತ್ತಿ, ನುಣುಪು ಮಾಡಿ, ಬಣ್ಣ ಕೂರಿಸುವ ವಿದ್ಯೆ ಉಳಿದಿರುವುದು ಇಂಥ ದೇವರುಗಳಿಗೆ ಬೇಡಿಕೆ ಇರುವುದರಿಂದಲೂ ಹೌದು. 'ಮೂಲ' ಒಂದೇ ಸತ್ಯ, ಮೇಲಿನದೆಲ್ಲ ಕಲಬೆರಕೆ ಎನ್ನುವ ಲೆಕ್ಕ ಇಲ್ಲಿ ನಡೆಯದು. ಪ್ರತಿ ಪದರವೂ ಒಂದು ಜಾತ್ರೆಯ ಮೂಲ.

ಹಾಗಾದರೆ ಹಚ್ಚುವುದರಲ್ಲಿ ತಪ್ಪಿಲ್ಲ. ತಪ್ಪಿರುವುದು ಬರೀ ಮರ ಕಾಣುವವರೆಗೆ ಕೆರೆಯುವುದರಲ್ಲಿ. ಮೇಲೆ ಮೇಲೆ ಹಚ್ಚಿದ ಬಣ್ಣ ಕೆಳಗಿನದನ್ನು ಮುಚ್ಚುತ್ತದೆ, ಕಾಪಾಡುತ್ತದೆ ಕೂಡ. ಪದರ ದಪ್ಪವಾಗಿ ಮೂಗು-ತುಟಿಯ ತಿದ್ದು ಮಂಕಾಗುವುದು ನಿಜ. ಆಗ ತೆಳ್ಳಗೆ ಮಾಡಬೇಕಾಗಿ ಬಂದೀತು. ಅದಕ್ಕೂ ಮೊದಲು ಒಳಗೆ ಏನಿದೆ ಎಂದು ತಿಳಿಯುವುದು ಜಾಣತನ. ಕೆರೆದ ಧೂಳಿನಿಂದ ಯಾವ ಸೂಕ್ಷ್ಮದರ್ಶಕವೂ ಪದರದ ಕ್ರಮ ಹೇಳಿಕೊಡದು.

> ಕೆರೆಯುವ ಮುನ್ನ
>
> • ಫೋಟೊ: ನಾಲ್ಕೂ ಬದಿಯಿಂದ, ಹಗಲು ಬೆಳಕಿನಲ್ಲಿ. ಓರೆ ಬೆಳಕಿನಲ್ಲಿ ಮತ್ತೊಮ್ಮೆ. ಹಿಂದೆ ಯಾವ ವರ್ಷ, ಯಾರು, ಯಾವ ಬಣ್ಣ ಹಚ್ಚಿದರು ಎಂದು ಹಿರಿಯರನ್ನು ಕೇಳಿ ಬರೆದಿಡಿ.
>
> • ಸಾಕ್ಷಿಯ ತುಣುಕು: ಬೆನ್ನಿನಲ್ಲೋ ಪೀಠದ ಹಿಂದೆಯೋ ಅಂಗೈಯಗಲ ಜಾಗವನ್ನು ಕೆರೆಯದೆ ಬಿಡಿ. ಎಲ್ಲ ಪದರಗಳೂ ಅಲ್ಲಿ ಉಳಿಯುತ್ತವೆ.
>
> • ವಿಷದ ಧೂಳು: ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಒಣ ಉಜ್ಜುಕಾಗದ ಹಾಕಿದರೆ ಆ ಧೂಳು ಚಿತ್ರಗಾರನ ಎದೆಗೆ ಹೋಗುತ್ತದೆ.
>
> • ಮನೆಮದ್ದು ಬೇಡ: ಹಳೆಯ ಚಿತ್ರಕ್ಕೆ ಸೋಡಾ, ನಿಂಬೆ, ಸೋಪಿನ ಪುಡಿ ಹಚ್ಚಿ ತೊಳೆಯಬೇಡಿ. ಹೊಳಪಿಗೆಂದು ವಾರ್ನಿಶ್ ಬಳಿಯಬೇಡಿ.
>
> • ಯಾರನ್ನು ಕೇಳುವುದು: ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ, ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ, ರಾಜ್ಯ ಪುರಾತತ್ವ ಇಲಾಖೆ. ಹಾನಗಲ್ಲಿನ ತಾರಕೇಶ್ವರದಂಥ ಕೇಂದ್ರ ಸಂರಕ್ಷಿತ ಗುಡಿಗಳಲ್ಲಿ ಸುಣ್ಣ-ಬಣ್ಣದ ಮಾತು ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಬಿಟ್ಟದ್ದು.

ಪಟ್ಟಿಯಲ್ಲಿ ಒಂದು ಸಾಲು

ಊರ ಜಾತ್ರೆಗೆ ಪಟ್ಟಿ ಎತ್ತುವಾಗ ಖರ್ಚಿನ ಬಾಬ್ತು ಉದ್ದ ಇರುತ್ತದೆ. ಚಪ್ಪರ, ಲೈಟು, ಡೊಳ್ಳು, ಪ್ರಸಾದ, ಬಣ್ಣ. ಬಣ್ಣದ ಬಾಬ್ತಿಗೆ ಮೊದಲು ಇನ್ನೊಂದು ಬಾಬ್ತು ಬರಲಿ: ಪರೀಕ್ಷೆ. ಕಳಚಿದ ಮೂರ್ತಿ ಚಿತ್ರಗಾರನ ಮುಂದೆ ಬಿಡಿಬಿಡಿಯಾಗಿ ಮಲಗಿರುವ ಆ ದಿನಗಳಷ್ಟು ಅನುಕೂಲದ ಹೊತ್ತು ಇನ್ನೊಂದಿಲ್ಲ. ಕೈಯಲ್ಲಿ ಹಿಡಿಯುವ ಯಂತ್ರ ಬಂದು ಹೋಗಲು, ಮಸಿಯ ಪದರ ಎಣಿಸಲೆಂದು ಸಾಸಿವೆಗಿಂತ ಸಣ್ಣ ಚೂರೊಂದನ್ನು ತೆಗೆದುಕೊಳ್ಳಲು ಒಂದು ಹಗಲು ಸಾಕು. ಪೂಜೆಗೆ ಅಡ್ಡಿಯಿಲ್ಲ, ಮಡಿಗೆ ಭಂಗವಿಲ್ಲ, ಮೂರ್ತಿಯನ್ನು ಊರಾಚೆ ಒಯ್ಯುವ ಮಾತೂ ಇಲ್ಲ.

ವಿಜ್ಞಾನಿ ಒಳಗೆ ಏನಿದೆ ಎಂದಷ್ಟೇ ಹೇಳಲಿ. ಎಷ್ಟು ಉಳಿಸಬೇಕು, ಎಷ್ಟು ತೆಗೆಯಬೇಕು ಎಂಬುದನ್ನು ಊರ ದೈವದವರು ಕೂತು ತೀರ್ಮಾನಿಸಲಿ. ಬಣ್ಣ ಎಂದಿನಂತೆ ಚಿತ್ರಗಾರನೇ ಹಚ್ಚಲಿ. ಇದುವರೆಗೆ ಕೆರೆಯಬೇಕೋ ಬೇಡವೋ ಎಂಬುದನ್ನು ಮಸಿಯ ಕಪ್ಪು ನೋಡಿ ನಿರ್ಧರಿಸುತ್ತಿದ್ದೆವು. ಇನ್ನು ಮೇಲೆ ಆ ಮಸಿ ಎಷ್ಟು ಜಾತ್ರೆಗಳದ್ದು ಎಂದು ಮೊದಲು ಎಣಿಸಿ, ಆಮೇಲೆ ಉಜ್ಜುಕಾಗದ ಎತ್ತಿಕೊಂಡರಾಯಿತು.